ಲೆಫ್ಟ್ ಬ್ಯಾಕಿನ ತಾಯಿಗೆ ಕೊಟ್ಟ ಮಾತು

ಉತ್ತರಕ್ರಿಯೆಯ ದಿನ ಊಟ ಮುಗಿದು, ಎಲೆ ತೆಗೆದು, ಹಿತ್ತಲಲ್ಲಿ ಹೆಂಗಸರು ಪಾತ್ರೆ ತೊಳೆಯುವ ಸದ್ದು ಶುರುವಾಗಿತ್ತು. ಆಗ ವರಾಂಡದಿಂದ ಒಂದು ಮಾತು ಕೇಳಿಸಿತು: “ಹಾಗಾದರೆ ಈ ಸಲ ಲೆಫ್ಟ್ ಬ್ಯಾಕ್ ಯಾರು?”

ನಾನು ಒಳಕೋಣೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದೆ. ಬಾಗಿಲಿನಿಂದ ನೋಡಿದರೆ ಹೊರಕೋಣೆಯ ಮೇಜಿನ ಮೇಲೆ ಇಟ್ಟ ಇವರ ಫೋಟೋ, ಅದರ ಮುಂದಿನ ದೀಪ, ಅದರಾಚೆ ವರಾಂಡದಲ್ಲಿ ಕುಳಿತ ಗಂಡಸರ ಬೆನ್ನು ಕಾಣುತ್ತಿತ್ತು. ಕೇಳಿದವರು ತಿರುವನಂತಪುರದ ಚಾಲೈ ಪೇಟೆಯಲ್ಲಿ ಒಣಮೆಣಸಿನ ಸಗಟು ವ್ಯಾಪಾರ ಮಾಡುವವರು, ಇವರ ಹಳೆಯ ಸ್ನೇಹಿತರು. ಉತ್ತರ ಕೊಡಲು ಬಾಯಿ ತೆರೆದವನು ಇವರ ಆಫೀಸಿನ ಹುಡುಗ, ಕಾಸರಗೋಡಿನ ನಮ್ಮ ಕಡೆಯವನೇ. ಇಬ್ಬರೂ ಆ ಕೆಲವು ದಿನ ನನ್ನ ಮನೆಯಲ್ಲಿ ಮನೆಯವರಂತೆ ದುಡಿದಿದ್ದರು. ಅಡುಗೆಯ ಸಾಮಾನು ಹೊತ್ತು ತಂದವರು ಚಾಲೈಯವರು. ಇಲ್ಲಿಯ ದೇವಸ್ಥಾನದ ಪೂಜೆಗೆ ಬಂದಿರುವ ನಮ್ಮ ಊರಿನ ಭಟ್ಟರನ್ನು ಹುಡುಕಿ ಕರೆತಂದವನು ಆ ಹುಡುಗ. ಅದನ್ನೆಲ್ಲ ನಾನು ಮರೆತಿಲ್ಲ. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೆ ಇಬ್ಬರನ್ನೂ ಮೆಟ್ಟಿಲಿನಿಂದ ಕೆಳಗೆ ಇಳಿಸಬೇಕು ಅನ್ನಿಸಿತು. ಯಾಕೆಂದರೆ ಅವರು ಹೇಳುತ್ತಿದ್ದ ಫುಟ್ಬಾಲ್ ಕ್ಲಬ್ಬಿಗೆ, ಎಡಬದಿ ಕಾಯಲು, ಒಬ್ಬ ಲೆಫ್ಟ್ ಬ್ಯಾಕ್ ಆಗಲೇ ಇದ್ದ. ಅವನನ್ನು ತಂದುಕೊಟ್ಟವರು ಫೋಟೋದಲ್ಲಿದ್ದರು.

ಇವರಿಗೆ ಫುಟ್ಬಾಲು ಹತ್ತಿದ್ದು ಊರಿನಲ್ಲೇ. ಕೊಯ್ಲಾದ ಗದ್ದೆಯಲ್ಲಿ ಏಳೇಳು ಜನ ಆಡುವ ಸೆವೆನ್ಸ್ ಆಟ ನಡೆದರೆ ಶಾಲೆಗೆ ಚಕ್ಕರ್ ಹಾಕಿ ಹೋಗುತ್ತಿದ್ದರಂತೆ. ತಿರುವನಂತಪುರಕ್ಕೆ ಬಂದದ್ದು ಸರಕಾರಿ ಕೆಲಸದ ಮೇಲೆ. ಮಲಯಾಳದ ಆದೇಶಗಳನ್ನು, ಕಾಯಿದೆಗಳನ್ನು ಕಾಸರಗೋಡಿನ ಕನ್ನಡದವರಿಗಾಗಿ ಕನ್ನಡಕ್ಕೆ ತಿರುಗಿಸುವುದು ಅವರ ಕೆಲಸ. ದಿನವಿಡೀ ಹಾಗೆ ಬರೆದು ಬರೆದು ಮನೆಯಲ್ಲಿ ಮಾತು ಕಡಿಮೆ. ಮಗಳ ಹತ್ತಿರ ಕನ್ನಡದಲ್ಲಿ ಏನಾದರೂ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು, ಇವರು ಅದಕ್ಕೂ ಏನೂ ಹೇಳುತ್ತಿರಲಿಲ್ಲ. ಆದರೆ ಭಾನುವಾರ ಸಂಜೆ ಪಟ್ಟಂನ ನಮ್ಮ ಕ್ವಾರ್ಟರ್ಸಿನ ವರಾಂಡದಲ್ಲಿ ಕುಳಿತಾಗ ಅವರ ಸ್ವರವೇ ಬೇರೆ.

ಕ್ಲಬ್ಬು ಕೊಚ್ಚಿಯದ್ದು. ಅದರ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಶುರುವಾದಾಗ ಬ್ಯಾಂಡು ಬಾರಿಸಿ, ಊರೆಲ್ಲ ಬಾವುಟ ಕಟ್ಟಿ ಶುರುಮಾಡಿದ್ದರು. ಕೋಲ್ಕತ್ತಾದಿಂದ, ಗೋವಾದಿಂದ, ಆಫ್ರಿಕಾದಿಂದ ಆಟಗಾರರು ಬಂದರು. ಆಟವಿದ್ದ ದಿನ ಇವರು ಬೆಳಗಿನ ರೈಲಿಗೆ ಕೊಚ್ಚಿಯ ಎರ್ನಾಕುಳಕ್ಕೆ ಹೋಗಿ, ಕಲೂರಿನ ಸ್ಟೇಡಿಯಮ್ಮಿನಲ್ಲಿ ಗಂಟಲು ಒಡೆಯುವಷ್ಟು ಕೂಗಿ, ಮರುದಿನ ಆಫೀಸಿನಲ್ಲಿ ಸ್ವರವಿಲ್ಲದೆ ಕುಳಿತಿರುತ್ತಿದ್ದರು. ತಿರುವನಂತಪುರದಲ್ಲಿದ್ದುಕೊಂಡು ಕೊಚ್ಚಿಯ ತಂಡಕ್ಕೆ ಯಾಕೆ ಎಂದು ನೆರೆಯವರು ತಮಾಷೆ ಮಾಡಿದರೆ, ಕಾಸರಗೋಡಿನವನಿಗೆ ಎರಡೂ ಪರದೇಶವೇ, ಯಾವುದಕ್ಕೆ ಕೂಗಿದರೇನು ಎನ್ನುತ್ತಿದ್ದರು.

ಮೂರ್ನಾಲ್ಕು ವರ್ಷ ಹಾಗೆ ಹೋಯಿತು. ಆಮೇಲೆ ಆ ಕ್ಲಬ್ಬಿನ ಹೊಳಪು ಇಳಿಯಿತು. ದೊಡ್ಡ ಆಟಗಾರರು ಒಬ್ಬೊಬ್ಬರೇ ಗೋವಾದ ಕ್ಲಬ್ಬುಗಳಿಗೆ ಹೋದರು. ಸಂಬಳ ತಡವಾಗುತ್ತದೆ ಎಂಬ ಸುದ್ದಿ ಬಂತು. ಸೆವೆನ್ಸ್ ಆಡಿದರೆ ಇದಕ್ಕಿಂತ ವಾಸಿ ಎಂದು ಮಲಬಾರಿನ ಹುಡುಗರೇ ಮುಖ ತಿರುಗಿಸಿದರು. ಆಟಗಾರರು ಕ್ಲಬ್ಬು ಬದಲಿಸುವ ಕಾಲ ಮಳೆಗಾಲ. ಆ ದಿನಗಳಲ್ಲಿ ನಮ್ಮ ವರಾಂಡದಲ್ಲಿ ಕೊಡೆಗಳು ಸಾಲಾಗಿ ಬಿಡಿಸಿ ಒಣಗಲು ಇಟ್ಟಿರುತ್ತಿದ್ದವು, ಇವರು, ಚಾಲೈಯವರು, ಆಫೀಸಿನ ಹುಡುಗ ಮೂವರೂ ಬೇಳೆಯ ಪರಿಪ್ಪುವಡೆ ತಿನ್ನುತ್ತ ಯಾರನ್ನು ತರಬೇಕು, ಯಾರನ್ನು ಬಿಡಬೇಕು ಎಂದು ಜಗಳಾಡುತ್ತಿದ್ದರು. ತರುವುದು, ಬಿಡುವುದು. ಸಂತೆಯ ಮಾತಿನ ಹಾಗೆ. ನಾನು ಒಳಗೆ ಚಹಾ ಸೋಸುತ್ತ ಕೇಳುತ್ತಿದ್ದೆ. ನನ್ನ ಮಲಯಾಳ ತರಕಾರಿ ಅಂಗಡಿಯಲ್ಲಿ ಕಲಿತದ್ದು, ಆದರೂ ಅವರ ಮಾತೆಲ್ಲ ನನಗೆ ತಿಳಿಯುತ್ತಿತ್ತು.

ಆಫೀಸಿನ ಹುಡುಗ ಯಾವಾಗಲೂ ಗೋವಾದ ಒಬ್ಬ ಆಟಗಾರನ ಜಪ ಮಾಡುತ್ತಿದ್ದ. ಚಾಲೈಯವರು ನಗುತ್ತಿದ್ದರು. “ನಿನ್ನ ಗೋವಾದವನು ಕೊಚ್ಚಿಗೆ ಬರಬೇಕಾದರೆ ಅವನು ರೈಲಿನಲ್ಲಿ ನಿದ್ದೆ ಹೋಗಿ ಸ್ಟೇಷನ್ ತಪ್ಪಬೇಕು, ಮೋನೇ,” ಎಂದು ಒಮ್ಮೆ ಹೇಳಿದರು. “ನಮ್ಮ ಕ್ಲಬ್ಬಿಗೆ ಈಗ ಬರುವವರು ಎರಡೇ ತರ. ಮೊಣಕಾಲು ಹೋದವರು, ಇಲ್ಲ ಎರ್ನಾಕುಳದಲ್ಲಿ ಹೆಣ್ಣು ಕಟ್ಟಿಕೊಂಡವರು.”

ಆ ದಿನ ನನಗೂ ಒಳಗೆ ನಗು ಬಂದಿತ್ತು. ಇವರು ಮಾತ್ರ ನಗಲಿಲ್ಲ. ಎಡಗಾಲಿನಲ್ಲಿ ಚೆಂಡು ಹೊಡೆಯುವ ಒಬ್ಬ ಡಿಫೆಂಡರ್ ಸಿಕ್ಕಿದರೆ ಸಾಕು, ಉಳಿದದ್ದು ಸರಿಯಾಗುತ್ತದೆ ಎಂದರು. ಅಂಥವನು ಒಬ್ಬ ಇಲ್ಲೇ ತಿರುವನಂತಪುರದಲ್ಲಿ ಇದ್ದಾನೆ ಎಂದೂ ಹೇಳಿದರು.

ಅವನು ನಮಗೆ ಗೊತ್ತಿದ್ದವನೇ. ಕುಂಬಳೆಯಿಂದ ಒಳಗೆ ಒಂದು ಊರಿನವನು, ಮನೆಮಾತು ತುಳು, ಶಾಲೆ ಕಲಿತದ್ದು ಕನ್ನಡದಲ್ಲಿ. ಇಲ್ಲಿಯ ಒಂದು ಸರಕಾರಿ ಇಲಾಖೆಯ ತಂಡದಲ್ಲಿ ಅತಿಥಿ ಆಟಗಾರನಾಗಿ ಆಡುತ್ತಿದ್ದ. ಇಲಾಖೆಯ ತಂಡಗಳ ಕ್ರಮ ಹಾಗೆ. ಒಂದೆರಡು ವರ್ಷ ಅತಿಥಿಯಾಗಿ ಆಡಿಸಿ ನೋಡುತ್ತಾರೆ, ಆಮೇಲೆ ಕ್ರೀಡಾ ಕೋಟಾದಲ್ಲಿ ಕಾಯಂ ಕೆಲಸ ಕೊಡುತ್ತಾರೆ. ಆಟ ನಿಂತ ಮೇಲೂ ಪಿಂಚಣಿಯ ತನಕ ಆ ಕೆಲಸ ಇರುತ್ತದೆ. ಅವನ ಸರದಿ ಮುಂದಿನ ವರ್ಷ ಎಂದು ತರಬೇತುದಾರರು ಹೇಳಿಯಾಗಿತ್ತು. ರಜೆಯ ದಿನ ಅವನು ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆ ಇದ್ದರೆ ತಲೆ ಎತ್ತದೆ ಉಣ್ಣುತ್ತಿದ್ದ. ನನ್ನನ್ನು ಅಕ್ಕ ಎನ್ನುತ್ತಿದ್ದ. ತಟ್ಟೆ ತಾನೇ ತೊಳೆದು ಕವುಚಿ ಇಟ್ಟು ಹೋಗುತ್ತಿದ್ದ.

ಕೊಚ್ಚಿಯ ಕ್ಲಬ್ಬು ಅವನನ್ನು ಕರೆದಿದೆ ಎಂದು ಗೊತ್ತಾದಾಗ ಈ ಮೂವರೂ ಹಬ್ಬದ ಮಕ್ಕಳಾದರು. ಅವನನ್ನು ಕೇಳಿದರೆ, ಅಮ್ಮ ಹೇಳಿದ ಹಾಗೆ ಎಂದ. ಅಮ್ಮ ಬೇಡ ಎಂದಿದ್ದರು. ಕ್ಲಬ್ಬಿನವರು ಒಂದು ಫೋನು ಮಾಡಿ ಸುಮ್ಮನಾದರು. ಅಲ್ಲಿಗೆ ಮುಗಿಯಬೇಕಿತ್ತು. ಇವರು ಮುಗಿಸಲು ಬಿಡಲಿಲ್ಲ. ಆ ತಾಯಿಯ ಹತ್ತಿರ ನಮ್ಮ ಭಾಷೆಯಲ್ಲಿ ಮಾತಾಡುವವರು ಯಾರೂ ಹೋಗಿಲ್ಲ, ಅದಕ್ಕೆ ಅವರು ಹೆದರಿದ್ದಾರೆ, ನಾವೇ ಹೋಗಿ ಹೇಳಬೇಕು ಎಂದರು. ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಕೂರುವ ಮೂರು ಜನ, ಕ್ಲಬ್ಬಿನ ಮೆಟ್ಟಿಲು ಒಮ್ಮೆಯೂ ಹತ್ತದವರು, ಕ್ಲಬ್ಬಿನ ಪರವಾಗಿ ಸಂಬಂಧ ಕೇಳಲು ಹೊರಟರು. ಹೆಂಗಸು ಜೊತೆಗಿಲ್ಲದೆ ಹೋದರೆ ಆ ಮನೆಯಲ್ಲಿ ಕೂರಿಸುವುದಿಲ್ಲ ಎಂದು ನನ್ನನ್ನೂ ಕರೆದುಕೊಂಡು ಹೋದರು. ಬಾಳೆಹಣ್ಣು, ಚಾಲೈಯವರು ಕಟ್ಟಿಸಿಕೊಟ್ಟ ಹಲ್ವ, ಒಂದು ಸೀರೆ. ಹೆಣ್ಣು ಕೇಳಲು ಹೋಗುವಾಗ ಒಯ್ಯುವುದೆಲ್ಲ ನಮ್ಮ ಚೀಲದಲ್ಲಿತ್ತು.

ಆ ತಾಯಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ನಮ್ಮನ್ನು ನೋಡಿ ಬೀಡಿ ಎಲೆಯ ಮೊರ ಬದಿಗಿಟ್ಟು, ಬೆಲ್ಲ ನೀರು ತಂದು ಕೊಟ್ಟು, ಚಾಪೆ ಹಾಸಿದರು. ಇವರು ಕ್ಲಬ್ಬಿನ ಹಳೆಯ ವೈಭವ ಹೇಳಿದರು. ಸ್ಟೇಡಿಯಮ್ಮಿನ ದೀಪ, ಟೀವಿ, ದೇಶದ ತಂಡಕ್ಕೆ ಆಯ್ಕೆಯಾಗುವ ದಾರಿ, ಎಲ್ಲ. ಆ ತಾಯಿ ಪೂರ್ತಿ ಕೇಳಿಸಿಕೊಂಡರು. ಸೀರೆಯನ್ನು ಮುಟ್ಟಲಿಲ್ಲ.

“ಆ ಕ್ಲಬ್ಬು ನಾಳೆ ಬಿದ್ದುಹೋದ್ರೆ ಎಂತ ಮಾಡುದು?” ಎಂದು ಕೇಳಿದರು. “ಸರಕಾರದ ಕೆಲಸ ಕೈಗೆ ಬಂದದ್ದನ್ನು ಬಿಟ್ಟು ಹೋದವನು ಅಂತ ನಾಳೆ ಜನ ನಗುದಿಲ್ವಾ?”

ಇವರು ತಡಮಾಡಲಿಲ್ಲ. “ಬಿದ್ದುಹೋದ್ರೆ ನಾನಿದ್ದೇನೆ ಅಮ್ಮ. ಅವನನ್ನು ಪುನಃ ಅದೇ ಇಲಾಖೆಗೆ ತಂದು ಸೇರಿಸುವ ಜವಾಬ್ದಾರಿ ನಂದು.”

ಆ ತಾಯಿ ನನ್ನ ಕಡೆ ನೋಡಿದರು. ನಿಮ್ಮ ಗಂಡ ಮಾತಿಗೆ ನಿಲ್ಲುವವರಾ ಎಂದು ಆ ನೋಟ ಕೇಳುತ್ತಿತ್ತು. ನಿಲ್ಲುವವರೇ ಎಂದು ನಾನು ತಲೆಯಾಡಿಸಿದೆ. ಅದು ಸುಳ್ಳಲ್ಲ. ಆಮೇಲೆ ಅವರು ಸೀರೆ ತೆಗೆದುಕೊಂಡರು.

ವಾಪಸು ಬರುವ ರೈಲಿನಲ್ಲಿ ಚಾಲೈಯವರು ಇವರ ಬೆನ್ನು ತಟ್ಟಿದ್ದೇ ತಟ್ಟಿದ್ದು. ಕ್ಲಬ್ಬಿನ ಮಾನೇಜರಿಂದ ಆಗದ್ದು ಸಾರ್ ಮಾಡಿದರು ಎಂದರು. ಕ್ಲಬ್ಬಿಗೆ ಇದು ಯಾವುದೂ ಗೊತ್ತಿರಲಿಲ್ಲ. ಆಟಗಾರ ತಾನಾಗಿ ಮನಸ್ಸು ಬದಲಿಸಿದ ಎಂದುಕೊಂಡು ಎರಡು ವರ್ಷಕ್ಕೆ ಸಹಿ ಹಾಕಿಸಿಕೊಂಡರು.

ಮೊದಲ ಕೆಲವು ಆಟ ಚೆನ್ನಾಗಿ ಆಡಿದ. ಇವರು ಪತ್ರಿಕೆಯಲ್ಲಿ ಬಂದ ಅವನ ಫೋಟೋ ತಂದು ತೋರಿಸಿದರು. ನಡುವೆ ಪಾದ ತಿರುಚಿತು. ಆ ಹೊತ್ತಿಗೆ ತರಬೇತುದಾರರು ಕ್ಲಬ್ಬು ಬಿಟ್ಟು ಹೋದರು. ಹೊಸಬರು ಇವನನ್ನು ಬೆಂಚಿನಲ್ಲಿ ಕೂರಿಸಿದರು. ಆಟಗಾರರನ್ನು ಹೋಟೆಲಿನಿಂದ ಫ್ಲಾಟಿಗೆ, ಫ್ಲಾಟಿನಿಂದ ಯಾವುದೋ ಹಳೆಯ ಮನೆಗೆ ಸಾಗಿಸಿದರು. ಕ್ರಿಸ್ಮಸ್ ರಜೆಯಲ್ಲಿ ನಮ್ಮಲ್ಲಿಗೆ ಬಂದಾಗ ಅವನ ಕೆನ್ನೆ ಒಳಗೆ ಹೋಗಿತ್ತು. ಅಲ್ಲಿ ಊಟ ಹೇಗೆ ಎಂದು ಕೇಳಿದೆ. ಪರವಾಗಿಲ್ಲ ಅಕ್ಕ ಎಂದ. ಅಂದು ಅವನು ಉಂಡ ರೀತಿ ನೋಡಿ ಇವರು ತಮ್ಮ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದರು. ಅವನು ಒಂದು ದೂರು ಹೇಳಿದ್ದರೆ ಇವರಿಗೆ ಹಗುರವಾಗುತ್ತಿತ್ತೇನೋ. ಹೇಳಲಿಲ್ಲ.

ಭಾನುವಾರದ ವರಾಂಡ ಮಾತ್ರ ನಿಲ್ಲಲಿಲ್ಲ. ಸೋಲಿನ ಮೇಲೆ ಸೋಲು, ಅದಕ್ಕೆ ತಕ್ಕಂತೆ ಮಾತು. ಒಂದು ಸಂಜೆ ಚಾಲೈಯವರು ಹೇಳಿದರು: “ನಿಮ್ಮ ಕಾಸರಗೋಡಿನವನು ಓಡುವುದಿಲ್ಲ ಸಾರೇ, ಮದುವೆಗೆ ಕರೆಯಲು ಬಂದವರ ಹಾಗೆ ನಡೆಯುತ್ತಾನೆ. ಅವನನ್ನು ಬಿಟ್ಟು ಬೇರೆಯವನನ್ನು ತರಬೇಕು.”

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನ ತಾಯಿಯ ಕೈಯ ಬೆಲ್ಲ ನೀರು ಕುಡಿದು ಬಂದ ಬಾಯಿ ಅದು. ಇವರು ಎದ್ದು ಒಳಗೆ ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತರು. ಅಂದಿನಿಂದ ಅವರು ಆ ಕ್ಲಬ್ಬಿನ ಆಟಕ್ಕೆ ಹೋಗಲಿಲ್ಲ. ಕೊಚ್ಚಿಗೆ ಹೋಗುವುದು ಮಾತ್ರ ತಪ್ಪಲಿಲ್ಲ.

ಹೋಗುತ್ತಿದ್ದದ್ದು ಅವನ ಬಿಡುಗಡೆಗೆ. ಇಲಾಖೆಯ ತರಬೇತುದಾರರನ್ನು ಇವರು ಕಂಡು ಮಾತಾಡಿದ್ದರು. ಅವರು ಒಳ್ಳೆಯವರು. ಮಳೆಗಾಲ ಮುಗಿಯುವ ಮೊದಲು ಕೊಚ್ಚಿಯ ಕ್ಲಬ್ಬು ಅವನನ್ನು ಬಿಟ್ಟುಕೊಟ್ಟರೆ ಜಾಗ ಇಟ್ಟಿರುತ್ತೇನೆ, ತಡವಾದರೆ ವಯಸ್ಸಿನ ಮಿತಿ ದಾಟುತ್ತದೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದಿದ್ದರು. ಕ್ಲಬ್ಬಿಗೆ ಅವನು ಬೇಕಾಗಿರಲಿಲ್ಲ. ಆಡಿಸುತ್ತಿರಲಿಲ್ಲ, ಸರಿಯಾಗಿ ಊಟ ಹಾಕುತ್ತಿರಲಿಲ್ಲ. ಆದರೆ ಬಿಡುತ್ತಲೂ ಇರಲಿಲ್ಲ. ಹೊಸಬರು ಯಾರೂ ಬರುವುದಿಲ್ಲ, ಇದ್ದವನನ್ನೂ ಬಿಟ್ಟರೆ ತಂಡದ ಪಟ್ಟಿ ತುಂಬಿಸುವುದು ಹೇಗೆ, ಅಷ್ಟೇ ಅವರ ಲೆಕ್ಕ. ಒಬ್ಬ ಮನುಷ್ಯನ ಜೀವನವನ್ನು ಪಟ್ಟಿ ತುಂಬಿಸಲು ಇಟ್ಟುಕೊಂಡಿದ್ದರು.

ಮೊದಲ ಸಲ ಹೋದಾಗ ಕ್ಲಬ್ಬಿನ ಕಾರ್ಯದರ್ಶಿ ಸಿಗಲಿಲ್ಲ. ಎರಡನೇ ಸಲ ಮಧ್ಯಾಹ್ನದವರೆಗೆ ಮೆಟ್ಟಿಲಿನಲ್ಲಿ ಕಾಯಿಸಿದರು. ಆ ಸಂಜೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ನೀರು ಕುಡಿದು, ಕುರ್ಚಿಯಲ್ಲಿ ಕುಳಿತರು. ಏನಾಯಿತು ಎಂದು ನಾನು ಕೇಳಿದೆ.

“ಅವರು ಕೇಳಿದ್ರು, ನೀವು ಯಾರು ಅಂತ.”

ಅಷ್ಟೇ ಹೇಳಿದರು. ಆಟಗಾರನ ಸಂಬಂಧಿಯಾ ಎಂದರಂತೆ, ಅಲ್ಲ. ವಕೀಲರಾ, ಅಲ್ಲ. ಕ್ಲಬ್ಬಿನ ಸದಸ್ಯರಾ, ಅಲ್ಲ. ಹಾಗಾದರೆ ನೀವು ಯಾರು, ಇದರಲ್ಲಿ ನಿಮಗೇನು ಕೆಲಸ ಎಂದರಂತೆ. ಅಷ್ಟು ವರ್ಷ ನಮ್ಮ ತಂಡ, ನಮ್ಮ ಕ್ಲಬ್ಬು, ನಾವು ಗೆದ್ದೆವು, ನಾವು ಸೋತೆವು ಎಂದು ಹೇಳಿದವರು ಆ ಪ್ರಶ್ನೆ ಹೊತ್ತು ಮೆಟ್ಟಿಲು ಇಳಿದು ಬಂದಿದ್ದರು. ಆ ಕಾರ್ಯದರ್ಶಿಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇವರ ಮೇಲೂ ಸಿಟ್ಟು ಬಂತು. ನಿಮ್ಮದಲ್ಲದ ಮನೆಗೆ ಯಾಕೆ ಅಳಿಯನನ್ನು ಹುಡುಕಿಕೊಟ್ಟಿರಿ ಎಂದು ಕೇಳಬೇಕಿತ್ತು. ಮುಖ ನೋಡಿ ಕೇಳಲಾಗಲಿಲ್ಲ. ನಾಳೆ ಕೇಳುವ, ಮುಂದಿನ ವಾರ ಕೇಳುವ ಎಂದು ಇಟ್ಟುಕೊಂಡೆ. ಈಗ ಆ ಸಿಟ್ಟನ್ನು ಯಾರ ಮುಂದೆ ಬಿಚ್ಚಲಿ?

ಮೂರನೇ ಸಲ ಹೊರಟ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕುರ್ಚಿಯಲ್ಲಿ ಕುಳಿತರು. ಸ್ವಲ್ಪ ನೀರು ಎಂದರು. ನಾನು ತರುವಷ್ಟರಲ್ಲಿ ತಲೆ ಒಂದು ಕಡೆಗೆ ವಾಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯ ಮೊದಲೇ ದುರ್ಬಲವಾಗಿತ್ತು, ಯಾವತ್ತಾದರೂ ಆಗುವುದೇ ಎಂದರು. ಇರಬಹುದು. ಕ್ಲಬ್ಬು ಕೊಂದಿತು ಎಂದು ನಾನು ಹೇಳಿದರೆ ತಪ್ಪಾಗುತ್ತದೆ. ಆದರೆ ಅವರ ಕೊನೆಯ ತಿಂಗಳುಗಳನ್ನು ಅದು ತಿಂದಿತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಗಳಿಗೆ ಪರೀಕ್ಷೆ ಇತ್ತು, ಊರಿಗೆ ಹೋಗಲಾಗಲಿಲ್ಲ. ಹಾಗಾಗಿ ಉತ್ತರಕ್ರಿಯೆ ಇಲ್ಲೇ, ಪಟ್ಟಂನ ಈ ಮನೆಯಲ್ಲೇ. ಊರಿನಿಂದ ಭಾವ, ಅತ್ತಿಗೆ ಬಂದಿದ್ದರು. ಆಟಗಾರ ಬರಲಿಲ್ಲ. ಕ್ಲಬ್ಬಿನವರು ರಜೆ ಕೊಡಲಿಲ್ಲವಂತೆ. ಆ ಆಟಗಾರ ಇರುವ ಜಾಗಕ್ಕೇ ಬೇರೆಯವನನ್ನು ಹುಡುಕುತ್ತ ಇವರ ಸ್ನೇಹಿತರು ನನ್ನ ವರಾಂಡದಲ್ಲಿ ಕುಳಿತಿದ್ದರು. ಆಫೀಸಿನ ಹುಡುಗ ಪುನಃ ಗೋವಾದವನ ಸುದ್ದಿ ತೆಗೆದ. ಚಾಲೈಯವರು ಪುನಃ ನಕ್ಕರು. ದೀಪ ಉರಿಯುತ್ತಿತ್ತು.

ಆಗ ಕೆಳಗೆ ಕಾರು ನಿಂತ ಸದ್ದಾಯಿತು. ಚಾಲೈಯವರು ಗಡಿಬಿಡಿಯಿಂದ ಎದ್ದರು. ಬಂದವರು ಕ್ಲಬ್ಬಿನ ಕಾರ್ಯದರ್ಶಿ. ಚಾಲೈಯವರೇ ಹೇಳಿಕಳಿಸಿದ್ದರಂತೆ, ಇಂಥ ಒಬ್ಬ ಅಭಿಮಾನಿ ಹೋದರು, ಒಮ್ಮೆ ಬಂದರೆ ಆ ಮನೆಗೆ ಗೌರವ ಎಂದು. ಆ ಮನುಷ್ಯ ಮಡಿಚಿದ ಒಂದು ಶಾಲು ತಂದಿದ್ದರು, ತಂಡದ ಬಣ್ಣದ್ದು. ಅದನ್ನು ಬಿಡಿಸಿ ಇವರ ಫೋಟೋಗೆ ಹೊದಿಸಿದರು. ಹೊದಿಸಿ, ನಿಂತವರಿಗೆಲ್ಲ ಕೇಳುವ ಹಾಗೆ, ಇವರು ನಮ್ಮ ಕ್ಲಬ್ಬಿನ ಕುಟುಂಬದವರು, ಇಂಥವರೇ ನಮ್ಮ ಬೆನ್ನೆಲುಬು ಎಂದರು. ಇವರ ಹೆಸರಿನಲ್ಲಿ ಶಾಲೆಯ ಮಕ್ಕಳಿಗೆ ಒಂದು ಟ್ರೋಫಿ ಇಡಬೇಕೆಂದು ಯೋಚನೆ ಇದೆ ಎಂದರು. ಆಫೀಸಿನ ಮೆಟ್ಟಿಲಿನಲ್ಲಿ ತಾವೇ ಕಾಯಿಸಿದ್ದ ಇವರ ಮುಖ ಅವರಿಗೆ ನೆನಪೇ ಇರಲಿಲ್ಲ. ಫೋಟೋ ನೋಡಿಯೂ ಗುರುತು ಸಿಗಲಿಲ್ಲ.

ನಾನು ಎದ್ದೆ. ಅತ್ತಿಗೆ ಸೆರಗು ಹಿಡಿದು ಜಗ್ಗಿದರು. ಆ ದಿನ ನಾನು ಹೊರಗಿನ ಗಂಡಸರ ಮುಂದೆ ಬರಬಾರದು ಎಂದು ಅವರ ಕಣ್ಣು ಹೇಳುತ್ತಿತ್ತು. ಸೆರಗು ಬಿಡಿಸಿಕೊಂಡು ಹೊರಕೋಣೆಗೆ ಬಂದೆ. ಫೋಟೋದ ಮೇಲಿದ್ದ ಶಾಲು ತೆಗೆದು ಮಡಿಚಿದೆ. ಮಡಿಕೆ ಸರಿಯಾಗಲಿಲ್ಲ. ಹಾಗೇ ಅವರ ಕೈಗೆ ಕೊಟ್ಟೆ. ನನ್ನ ತರಕಾರಿ ಅಂಗಡಿಯ ಮಲಯಾಳದಲ್ಲೇ ಮಾತಾಡಿದೆ.

“ಇವರು ಬದುಕಿದ್ದಾಗ ನಿಮ್ಮ ಆಫೀಸಿಗೆ ಬಂದಿದ್ದರು. ನೀವು ಯಾರು ಎಂದು ಕೇಳಿದಿರಿ. ಇವತ್ತು ಕುಟುಂಬದವರು ಎನ್ನುತ್ತೀರಿ. ಕುಟುಂಬದವರಾದರೆ ಅವರು ಕೇಳಿದ್ದನ್ನು ಕೊಡಿ.”

ಅವರಿಗೆ ಅರ್ಥವಾಗಲಿಲ್ಲ. ಚಾಲೈಯವರ ಕಡೆ ನೋಡಿದರು. ಚಾಲೈಯವರು ನೆಲ ನೋಡುತ್ತಿದ್ದರು. ನಾನು ಆಟಗಾರನ ಊರು ಹೇಳಿದೆ, ತಾಯಿಯ ಮನೆಗೆ ನಾವು ಹೋದದ್ದು ಹೇಳಿದೆ, ಇವರು ಕೊಟ್ಟ ಮಾತು ಹೇಳಿದೆ. ಯಾರನ್ನೂ ಕೇಳದೆ ನಿಮ್ಮ ಕ್ಲಬ್ಬಿಗಾಗಿ ಮಾತು ಕೊಟ್ಟರು, ಅದು ಅವರ ದಡ್ಡತನ, ಆದರೆ ಅದರ ಲಾಭ ತಿಂದವರು ನೀವು ಎಂದೆ. ಟ್ರೋಫಿ ನನಗೆ ಬೇಡ, ಅವನನ್ನು ಬಿಟ್ಟುಕೊಡಿ ಎಂದೆ. ಇಂಥ ವಿಷಯ ಇಲ್ಲಿ ಮಾತಾಡುವುದಲ್ಲ ಚೇಚಿ, ಸೋಮವಾರ ಆಫೀಸಿಗೆ ಯಾರನ್ನಾದರೂ ಕಳಿಸಿ, ನೋಡುವ ಎಂದರು ಅವರು.

“ಕಳಿಸುವುದಿಲ್ಲ. ನಾನೇ ಬರುತ್ತೇನೆ.”

ಭಾವ ಅವರನ್ನು ಊಟಕ್ಕೆ ಏಳಿಸಲು ನೋಡಿದರು. ಉತ್ತರಕ್ರಿಯೆಯ ಮನೆಗೆ ಬಂದವರನ್ನು ಉಣ್ಣದೆ ಕಳಿಸುವುದು ನಮ್ಮಲ್ಲಿ ಇಲ್ಲ. ಎಲೆ ಹಾಕಬೇಡಿ ಎಂದೆ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಆ ಮಾತಿಗೆ ಊರಿನಲ್ಲಿ ಇನ್ನೂ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಆಟಗಾರನಿಗೆ ಹೊಟ್ಟೆ ತುಂಬ ಉಣಿಸದವರಿಗೆ ನನ್ನ ಮನೆಯಲ್ಲಿ ಎಲೆ ಹಾಕಲು ನನಗೆ ಕೈ ಬರಲಿಲ್ಲ.

ಸೋಮವಾರ ಬೆಳಗಿನ ರೈಲಿಗೆ ಹೋದೆ, ಇವರು ಹೋಗುತ್ತಿದ್ದ ರೈಲಿಗೇ. ಚಾಲೈಯವರು, ಆಫೀಸಿನ ಹುಡುಗ ಕರೆಯದೆಯೇ ಸ್ಟೇಷನ್ನಿನಲ್ಲಿ ಬಂದು ನಿಂತಿದ್ದರು. ಕ್ಲಬ್ಬಿನ ಆಫೀಸು ಕಲೂರಿನ ಹತ್ತಿರ ಒಂದು ಕಟ್ಟಡದ ಮೇಲಿನ ಮಾಳಿಗೆ. ಮೆಟ್ಟಿಲು ಹತ್ತುವಾಗ ಇವರು ಯಾವ ಮೆಟ್ಟಿಲಿನಲ್ಲಿ ಕೂತಿದ್ದರೋ ಎಂದು ನೋಡಿದೆ. ಒಳಗೆ ಗಾಜಿನ ಕಪಾಟಿನಲ್ಲಿ ಕಪ್ಪಾದ ಟ್ರೋಫಿಗಳು, ಗೋಡೆಯಲ್ಲಿ ಶುರುವಿನ ವರ್ಷದ ಫೋಟೋ, ಪಂಖದ ಕೆಳಗೆ ಹಾರುವ ಕಾಗದಗಳ ಮೇಲೆ ಇಟ್ಟ ಒಂದು ಗಾಳಿ ಹೋದ ಚೆಂಡು. ಜಂಬದ ಕಾಲ ಮುಗಿದ ಮನೆಯ ಹಾಗಿತ್ತು. ನನಗೆ ಕನಿಕರ ಬರಲಿಲ್ಲ.

ಕಾರ್ಯದರ್ಶಿ ನನ್ನನ್ನು ಕಂಡು ಎದ್ದು ನಿಂತರು. ಬರುವುದಿಲ್ಲ ಎಂದುಕೊಂಡಿದ್ದರೇನೋ. ಮೊದಲು ಕಮಿಟಿ ಕೂಡಬೇಕು ಎಂದರು. ಕೂಡಲಿ, ಇಲ್ಲೇ ಕೂತಿರುತ್ತೇನೆ ಎಂದೆ. ಚಾಲೈಯವರು ಆಗ ಮೊದಲ ಸಲ ಬಾಯಿ ಬಿಟ್ಟು, ಬಿಡುಗಡೆಯ ಕಾಗದ ಸಿಗದಿದ್ದರೆ ತಿರುವನಂತಪುರದಿಂದ ನಿಮ್ಮ ಗ್ಯಾಲರಿಗೆ ಇನ್ನು ಒಂದು ನಾಯಿಯೂ ಬರುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದರು. ಹುಡುಗ, ತಾನು ಕಾನೂನು ಅನುವಾದ ಮಾಡುವವನು ಎಂದು ಯಾಕೋ ಹೇಳಿದ. ಯಾವ ಮಾತು ಕೆಲಸ ಮಾಡಿತೋ ಗೊತ್ತಿಲ್ಲ. ಕಾರ್ಯದರ್ಶಿ ಒಂದು ಮೇಜಿನ ಖಾನೆ ಎಳೆದು ಅಚ್ಚಾದ ಕಾಗದ ತೆಗೆದರು, ಬರೆದರು, ಸಹಿ ಹಾಕಿದರು. ಮೊಹರಿನ ಪ್ಯಾಡು ಒಣಗಿತ್ತು. ಚಹಾದ ಜೊತೆ ತಂದ ನೀರಿನಿಂದ ಎರಡು ಹನಿ ಹಾಕಿ ಉಜ್ಜಿ ಮೊಹರು ಒತ್ತಿದರು. ಮಸುಕಾಗಿ ಬಂತು, ಇನ್ನೊಮ್ಮೆ ಒತ್ತಿದರು. ನನಗಾಗಿ ತರಿಸಿದ ಚಹಾ ಇನ್ನೂ ಬಿಸಿಯಾಗಿತ್ತು.

ಅಷ್ಟೇ ಕೆಲಸ. ಅಷ್ಟಕ್ಕೆ ಇವರನ್ನು ಮತ್ತೆ ಮತ್ತೆ ಓಡಾಡಿಸಿದರು. ಸಂತೋಷವಾಗಬೇಕಿತ್ತು. ಆದರೆ ಆ ಬಿಸಿ ಚಹಾವನ್ನು ನೋಡಿ ನನಗೆ ಬಂದಷ್ಟು ಸಿಟ್ಟು ಇವರು ತೀರಿಕೊಂಡ ದಿನವೂ ಬಂದಿರಲಿಲ್ಲ. ಕಷ್ಟದ ಕೆಲಸವಾಗಿದ್ದರೆ ಸಹಿಸಬಹುದಿತ್ತು.

ಎರ್ನಾಕುಳ ಸ್ಟೇಷನ್ನಿನ ಬೂತಿನಿಂದ ಆ ತಾಯಿಯ ನೆರೆಮನೆಗೆ ಫೋನು ಮಾಡಿದೆ. ಅವರನ್ನು ಕರೆದು ತರುವಷ್ಟು ಹೊತ್ತು ಕಾದೆ. ಮಗ ಇಲಾಖೆಗೆ ವಾಪಸು ಸೇರುತ್ತಾನೆ, ಕಾಗದ ನನ್ನ ಕೈಯಲ್ಲಿದೆ ಎಂದು ಹೇಳಿದೆ.

“ಅವರು ಹೇಳಿದ ಹಾಗೇ ಮಾಡಿದ್ರು ಅಲ್ಲವಾ,” ಎಂದರು. “ಸತ್ತೂ ಮಾಡಿದ್ರು.”

ಹೌದು ಎಂದೆ.

ಸಂಜೆಯ ರೈಲಿನಲ್ಲಿ ನಾನು ಕಿಟಕಿಯ ಬದಿ, ಎದುರು ಅವರಿಬ್ಬರು. ಕೊಲ್ಲಂ ದಾಟಿತು. ಆಮೇಲೆ ಹುಡುಗ, ಸುಮ್ಮನೆ ಮಾತಿಗೆ ಎಂಬ ಹಾಗೆ, ಈಗ ಲೆಫ್ಟ್ ಬ್ಯಾಕಿನ ಜಾಗ ನಿಜವಾಗಿಯೂ ಖಾಲಿಯಾಯಿತಲ್ಲ ಎಂದ. ಚಾಲೈಯವರಿಗೆ ತಡೆಯಲಾಗಲಿಲ್ಲ. ಮಲಪ್ಪುರದಲ್ಲಿ ಒಬ್ಬನಿದ್ದಾನಂತೆ, ಎಡಗಾಲು ಬಂಗಾರದ್ದಂತೆ, ಮನೆಯವರು ಒಪ್ಪುತ್ತಿಲ್ಲವಂತೆ ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಅವರ ಪಕ್ಕದ ಸೀಟು ಖಾಲಿ ಇತ್ತು. ಆ ಜಾಗದಲ್ಲಿ ಇವರಿದ್ದರೆ ಈಗ ಮುಂದಕ್ಕೆ ಬಾಗಿ, ಯಾವ ಊರು, ಯಾರ ಮಗ ಎಂದು ಕೇಳುತ್ತಿದ್ದರು. ಅಷ್ಟೆಲ್ಲ ಆದ ಮೇಲೂ ಕೇಳುತ್ತಿದ್ದರು. ಅದು ನನಗೆ ಗೊತ್ತು.

“ಯಾರನ್ನು ಬೇಕಾದರೂ ತನ್ನಿ,” ಎಂದೆ. “ಅವನ ತಾಯಿಯ ಹತ್ತಿರ ನೀವು ಹೋಗಬೇಡಿ. ಹೋಗುವುದಿದ್ದರೆ ಆ ಕಾರ್ಯದರ್ಶಿ ಹೋಗಿ ಚಾಪೆಯಲ್ಲಿ ಕೂತು ಕೇಳಲಿ.”

ಚಾಲೈಯವರು ಹ್ಞೂಂ ಎಂದರು. ಕಳಕ್ಕೂಟಂ ಬಂತು, ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡ ಕಂಪ್ಯೂಟರ್ ಕಂಪನಿಯ ಹುಡುಗ ಹುಡುಗಿಯರು ಹತ್ತಿ ಆ ಖಾಲಿ ಸೀಟಿನಲ್ಲಿ ಒತ್ತಿಕೊಂಡು ಕುಳಿತರು. ಕಾಗದವಿದ್ದ ಚೀಲವನ್ನು ನಾನು ಮಡಿಲಿಗೆ ಎಳೆದುಕೊಂಡೆ. ಮರುದಿನ ಬೆಳಿಗ್ಗೆ ಅದನ್ನು ಇಲಾಖೆಯ ತರಬೇತುದಾರರ ಕೈಗೆ ನಾನೇ ಕೊಡಬೇಕಿತ್ತು.